ಇಬ್ಬರು ಮಕ್ಕಳಿಗೂ ಆಟಿಸಂ, ಶಾಲೆಯವರ ಜೊತೆ ಹೇಗೆ ಮಾತಾಡೋದು?

ಪ್ರಶ್ನೆ: ನಮಸ್ಕಾರ ಮೇಡಮ್. ನಾವು ವಿಜಯಪುರದವರು, ಈಗ ಪುಣೆಯ ವಾಕಡ್‌ನಲ್ಲಿದ್ದೇವೆ. ಒಂಬತ್ತು ವರ್ಷದ ಮಗನಿಗೆ ಆಟಿಸಂ ಇದೆ. ಚೆನ್ನಾಗಿ ಮಾತಾಡುತ್ತಾನೆ, ಗದ್ದಲ ಮಾತ್ರ ತಡೆಯುವುದಿಲ್ಲ. ಈಗ ಆರು ವರ್ಷದ ಮಗಳಿಗೂ ಅದೇ ಅಂದಿದ್ದಾರೆ ಡಾಕ್ಟರ್. ಅವಳಿಗೆ ಇನ್ನೂ ಮಾತು ಬಂದಿಲ್ಲ. ಮಗನ ಶಾಲೆಯವರು, "ಒಬ್ಬನನ್ನೇ ನೋಡಿಕೊಳ್ಳೋಕೆ ಆಗ್ತಿಲ್ಲ. ಇಬ್ಬರನ್ನೂ ಸ್ಪೆಷಲ್ ಸ್ಕೂಲಿಗೆ ಹಾಕಿ, ಇಲ್ಲಾಂದ್ರೆ ಇಬ್ಬರಿಗೂ ನಿಮ್ಮ ಖರ್ಚಲ್ಲೇ, ಕ್ಲಾಸಲ್ಲಿ ಪಕ್ಕದಲ್ಲೇ ಕೂತು ಸಹಾಯ ಮಾಡೋ ಶ್ಯಾಡೋ ಟೀಚರ್ ಇಡಿ" ಅಂತಾರೆ. ಮನೆಯಲ್ಲಿ ಕನ್ನಡ ಬಿಟ್ಟು ಇಂಗ್ಲಿಷ್ ಮಾತಾಡಬೇಕಂತೆ. ಅತ್ತೆ ಬೇರೆ, ಎಲ್ಲ ನನ್ನ ತವರಿನಿಂದಲೇ ಬಂದಿದ್ದು ಅಂತಾರೆ.

ಉತ್ತರ (ವಿಶೇಷ ಶಿಕ್ಷಕಿ, ಮುಂಬೈ): ಅತ್ತೆಯವರ ಮಾತು ಬಿಡಿ. ಇದರಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು ನಿಜ, ಆದರೆ ಅವು ತಂದೆ ಕಡೆಯಿಂದಲೂ ಬರುತ್ತವೆ. ಅಣ್ಣನಿಗೋ ಅಕ್ಕನಿಗೋ ಆಟಿಸಂ ಇದ್ದರೆ ಆಮೇಲೆ ಹುಟ್ಟಿದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಕಾಣಿಸುತ್ತದೆ. ನಿಮ್ಮಂಥ ಮನೆಗಳು ಅಪರೂಪವೇನಲ್ಲ.

ಶಾಲೆಯವರು "ಇಬ್ಬರೂ, ಇಬ್ಬರೂ" ಅಂತಿದ್ದಾರಲ್ಲ, ನನಗೆ ಚಿಂತೆ ಅದರದ್ದೇ. ನಿಮ್ಮ ಮಗನಿಗೆ ಬೇಕಿರುವುದು ಗದ್ದಲ ಜಾಸ್ತಿಯಾದಾಗ ಹೋಗಿ ಕೂರಲು ಒಂದು ಜಾಗ. ಮಗಳಿಗೆ ಬೇಕಿರುವುದು ಚಿತ್ರದ ಕಾರ್ಡೋ ಟ್ಯಾಬೋ, ಮಾತಿನ ಬದಲು ಬೆರಳಿಟ್ಟು ತೋರಿಸಲು. ಒಂದಕ್ಕೊಂದು ಸಂಬಂಧವೇ ಇಲ್ಲ. ಅದಕ್ಕೇ ಎರಡು ಫೈಲ್ ಮಾಡಿ. ಮೀಟಿಂಗೂ ಬೇರೆ ಬೇರೆ ದಿನ ಕೇಳಿ. ಒಂದೇ ದಿನ ಕೂತರೆ ಮಗನ ಹಳೆ ದೂರುಗಳಲ್ಲೇ ಹೊತ್ತು ಹೋಗುತ್ತದೆ, ಮಗಳ ಹೆಸರು ಬರುವಷ್ಟರಲ್ಲಿ ಗಂಟೆ ಹೊಡೆಯುತ್ತದೆ! ಅಂಗವೈಕಲ್ಯ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಒಬ್ಬೊಬ್ಬರಿಗೂ ಪ್ರತ್ಯೇಕ. ಮಗಳದ್ದಕ್ಕೆ ಈಗಲೇ ಅರ್ಜಿ ಹಾಕಿ.

ಇನ್ನು ಕಾನೂನು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಅದರ 16ನೇ ಕಲಮಿನ ಪ್ರಕಾರ ಸರ್ಕಾರದ ಮಾನ್ಯತೆ ಇರುವ ಶಾಲೆ ಭೇದ ಮಾಡದೆ ಸೇರಿಸಿಕೊಳ್ಳಬೇಕು. ಪ್ರಮಾಣಪತ್ರದಲ್ಲಿ ಅಂಗವೈಕಲ್ಯ ಶೇ. 40 ಅಥವಾ ಹೆಚ್ಚು ಅಂತಿದ್ದರೆ, 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ, ಆಯ್ಕೆ ನಿಮ್ಮದು. ಶ್ಯಾಡೋ ಟೀಚರ್ ಇಟ್ಟರೆ ಮಾತ್ರ ಸೀಟು ಅನ್ನುವ ಷರತ್ತು ಈ ಕಾಯ್ದೆಯಲ್ಲಿ ಎಲ್ಲೂ ಇಲ್ಲ.

ಕನ್ನಡ ಖಂಡಿತ ಬಿಡಬೇಡಿ. ಎರಡು ಭಾಷೆ ಕೇಳಿ ಬೆಳೆದರೆ ಆಟಿಸಂ ಇರುವ ಮಕ್ಕಳ ಮಾತು ಹಿಂದೆ ಬೀಳುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ಅಜ್ಜಿ ಜೊತೆ ಇಂಗ್ಲಿಷಲ್ಲಿ ಆಡೋಕಾಗುತ್ತಾ ಹೇಳಿ! ಶಾಲೆಯಲ್ಲಿ ಇಂಗ್ಲಿಷ್, ಮರಾಠಿ, ಹಿಂದಿ ಮೂರೂ ಭಾರವಾದರೆ ಎರಡನೇ, ಮೂರನೇ ಭಾಷೆಯಿಂದ ವಿನಾಯಿತಿ ಕೇಳಲು ಅದೇ ಕಾಯ್ದೆಯ 17ನೇ ಕಲಮು ಇದೆ.

ಪ್ರಶ್ನೆ: ದೂರು ಕೊಟ್ಟರೆ ಮಗನ ಮೇಲೆ ಸಿಟ್ಟು ತೀರಿಸಿಕೊಳ್ತಾರೇನೋ ಅಂತ ಭಯ ಮೇಡಮ್.

ಉತ್ತರ: ಭಯ ಸಹಜ, ದಿನಾ ಅವರ ಕೈಯಲ್ಲೇ ಮಗುವನ್ನು ಬಿಟ್ಟು ಬರಬೇಕಲ್ವಾ. ದೂರಿನಿಂದ ಶುರು ಮಾಡಬೇಡಿ. ಮೊದಲು ಕ್ಲಾಸ್ ಟೀಚರ್ ಹತ್ತಿರ ಹೋಗಿ. ನಲವತ್ತು ಮಕ್ಕಳ ನಡುವೆ ಅವರೂ ಒಬ್ಬರೇ, ತರಬೇತಿಯನ್ನೂ ಯಾರೂ ಕೊಟ್ಟಿರುವುದಿಲ್ಲ. ಮಗನಿಗೆ ಸಿಟ್ಟು ಬರುವ ಮೊದಲು ಏನು ಕಾಣುತ್ತದೆ, ಆಗ ಏನು ಮಾಡಬೇಕು ಅಂತ ಒಂದು ಪುಟ ಬರೆದು ಕೊಡಿ. ಮಗಳನ್ನು ಸೇರಿಸಿಕೊಳ್ಳಲ್ಲ ಅಂದರೆ ಜಗಳ ಬೇಡ, "ಕಾರಣ ಬರೆದು ಕೊಡಿ" ಅನ್ನಿ, ಇಮೇಲ್‌ನಲ್ಲೂ ಕೇಳಿ. ಆಮೇಲೂ ಜಗ್ಗದಿದ್ದರೆ ರಾಜ್ಯದ ದಿವ್ಯಾಂಗ ಆಯುಕ್ತರ ಕಚೇರಿ ನಿಮ್ಮ ಪುಣೆಯಲ್ಲೇ ಇದೆ. ಅಲ್ಲಿ ಕೊಡುವ ಅರ್ಜಿಯಲ್ಲಿ ಮಗಳ ವಿಷಯ ಮಾತ್ರ ಬರೆಯಿರಿ.