ಬೇಲೂರು, ಹಳೇಬೀಡು ಒಂದೇ ದಿನ: ಗೈಡ್ ಬೇಕಾ?

ಪಯಣಿಗ_ಬೆಂಗಳೂರು:
ಮುಂದಿನ ಭಾನುವಾರ ಅಮ್ಮನ ಜೊತೆ ಬೇಲೂರು, ಹಳೇಬೀಡಿಗೆ ಹೊರಟಿದ್ದೇನೆ. ಶಾಲೆ ಟೂರ್‌ನಲ್ಲಿ ಹೋದಾಗ ಗೋಡೆ ತುಂಬಾ ಗೊಂಬೆ ಕಂಡಿದ್ದು ಬಿಟ್ಟರೆ ಏನೂ ತಲೆಗೆ ಹತ್ತಿರಲಿಲ್ಲ. ಗೈಡ್ ಮಾಡಿಕೊಳ್ಳಬೇಕಾ, ಇಲ್ಲಾ ಸುಮ್ನೆ ನಾವೇ ಸುತ್ತಬಹುದಾ? ಅಮ್ಮನಿಗೆ ಮಂಡಿ ನೋವು ಬೇರೆ.

ಹಾಸನದವ:
ಬೇಲೂರಿಗೆ ಗೈಡ್ ಇರಲಿ. ಒಳಗೆ ಕತ್ತಲು, ಬೆಳಕು ಬಿಟ್ಟು ತೋರಿಸಿದರೇನೇ ಕಂಬ, ಚಾವಣಿ ಕಾಣುವುದು. ಜಕಣಾಚಾರಿ ಕಥೆ ಹೇಳೇ ಹೇಳುತ್ತಾರೆ, ಕೇಳೋಕೆ ಚೆಂದ, ಆದರೆ ಕಲ್ಲಿನ ಮೇಲೆ ಕೊರೆದಿರುವ ಹೆಸರು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇಂಥವರದ್ದು. ಹೊರಗೆ ಸೂರಿನ ಕೆಳಗೆ ಓರೆಯಾಗಿ ನಿಂತ ಮದನಿಕೆಯರ ಪೀಠದಲ್ಲಿ ಈ ಹೆಸರುಗಳನ್ನು ತೋರಿಸಿ ಅಂತ ಗೈಡನ್ನೇ ಕೇಳಿ. ಎಲ್ಲರೂ ಕನ್ನಡಿ ಹಿಡಿದವಳ ಫೋಟೊ ತೆಗೆದು ಮುಂದೆ ಹೋಗಿಬಿಡುತ್ತಾರೆ. ಜಗಲಿಗೆ ಮೆಟ್ಟಿಲು ಕೆಲವೇ, ಅಮ್ಮನಿಗೆ ಕೈ ಹಿಡಿದುಕೊಳ್ಳಿ. ಬಿಸಿಲೇರಿದರೆ ಕಲ್ಲು ಕಾಲು ಸುಡುತ್ತೆ, ಸಾಕ್ಸ್ ಇರಲಿ.

ಕಲ್ಲುಹುಚ್ಚು:
ಹಳೇಬೀಡಲ್ಲಿ ಗೈಡ್ ಬೇಡ, ಪುರುಸೊತ್ತು ಬೇಕು. ಪೂರ್ತಿ ಸುತ್ತುವ ಹಟ ಬಿಡಿ. ಒಂದು ಮೂಲೆ ಹಿಡಿದು ಕೆಳಗಿಂದ ಮೇಲಕ್ಕೆ ಓದುತ್ತಾ ಹೋಗಿ: ಮೊದಲು ಆನೆ ಸಾಲು, ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಆಮೇಲೆ ರಾಮಾಯಣ-ಮಹಾಭಾರತದ ಕಥೆ, ಮಕರ, ಹಂಸ. ದೊಡ್ಡ ಶಿಲ್ಪಗಳಲ್ಲಿ ರಾವಣ ಕೈಲಾಸ ಎತ್ತುವುದನ್ನು ತಪ್ಪಿಸಬೇಡಿ. ಶಿವ-ಪಾರ್ವತಿ ಮೇಲೆ ಆರಾಮಾಗಿ ಕೂತಿದ್ದಾರೆ, ಬೆಟ್ಟದ ಪದರ ಪದರದಲ್ಲೂ ಪ್ರಾಣಿಗಳು, ಗಣಗಳು, ಅಷ್ಟೂ ಭಾರ ಕೆಳಗಿರುವ ರಾವಣನ ಮೇಲೆ. ಬಳಪದ ಕಲ್ಲು ಮೃದು, ಅದಕ್ಕೇ ಹಾರದ ಒಂದೊಂದು ಮಣಿಯನ್ನೂ ಬಿಡಿಸಿ ಕೆತ್ತಲು ಸಾಧ್ಯವಾಗಿದ್ದು.

ಬಸದಿ_ಪ್ರಿಯ:
ಅಲ್ಲೇ ಹತ್ತಿರ ಬಸ್ತಿಹಳ್ಳಿಯ ಬಸದಿಗಳಿಗೂ ಹೋಗಿ ಬನ್ನಿ. ಪಾರ್ಶ್ವನಾಥ ಬಸದಿಯ ಕಂಬಗಳಲ್ಲಿ ನಮ್ಮ ಮುಖವೇ ಕಾಣುತ್ತೆ, ಅಷ್ಟು ನುಣುಪು! ಅಷ್ಟೊಂದು ಕೆತ್ತನೆ ನೋಡಿ ಕಣ್ಣು ದಣಿದ ಮೇಲೆ, ನನಗಂತೂ ಇದೇ ಜಾಸ್ತಿ ಇಷ್ಟ.

ಪಯಣಿಗ_ಬೆಂಗಳೂರು:
ಥ್ಯಾಂಕ್ಸ್ ಎಲ್ಲರಿಗೂ. ಹಾಗಾದರೆ ಮೊದಲು ಯಾವುದು?

ಹಾಸನದವ:
ಬೇಲೂರು. ಅಲ್ಲಿ ಈಗಲೂ ಪೂಜೆ ನಡೆಯುತ್ತೆ, ಮಧ್ಯಾಹ್ನ ಗರ್ಭಗುಡಿ ಬಾಗಿಲು ಹಾಕುತ್ತಾರೆ. ಅಮ್ಮನಿಗೆ ಚೆನ್ನಕೇಶವನ ದರ್ಶನವೂ ಆಗಬೇಕಲ್ವಾ? ಅಲ್ಲಿಂದ ಹಳೇಬೀಡು 16 ಕಿ.ಮೀ. ಅಷ್ಟೇ, ಊಟ ಮುಗಿಸಿಕೊಂಡು ನಿಧಾನಕ್ಕೆ ಹೋಗಿ.