ಮರದ ಕ್ಯಾಂಪರ್: ಹೊರಗಿನ ಪಟ್ಟಿಯ ಹಿಂದೆ ನೀರು, ಎಲ್ಲಿಂದ ಬರುತ್ತಿದೆ?

ಶರಾವತಿ ಸವಾರ:
ನಮಸ್ಕಾರ. ಪಿಕಪ್ ಗಾಡಿಯ ಹಿಂದೆ ಕೂರಿಸಿ, ಬೇಡವಾದಾಗ ಇಳಿಸುವಂಥ ಮರದ ಕ್ಯಾಂಪರ್ (ಪ್ರವಾಸದಲ್ಲಿ ಮಲಗುವ ಪುಟ್ಟ ಕೋಣೆ) ಮನೆಯಲ್ಲೇ ಕಟ್ಟಿದ್ದೇನೆ. ಊರು ತೀರ್ಥಹಳ್ಳಿ ಕಡೆ, ಮಳೆ ಬಗ್ಗೆ ಹೇಳಬೇಕಾಗಿಲ್ಲ ಅಲ್ವಾ. ಗೋಡೆ, ಚಾವಣಿ ಎರಡೂ 12 ಮಿ.ಮೀ. ಮೆರೈನ್ ಪ್ಲೈ (ನೀರು ತಾಳುವ ಪ್ಲೈವುಡ್), ಅದರ ಭಾರತೀಯ ಮಾನಕವಾದ ಐಎಸ್ 710 ಗುರುತು ಇರುವಂಥದ್ದೇ. ಪ್ಲೈ ಅಂಚು ಕಾಣದಂತೆ ಸುತ್ತಲೂ 40 ಮಿ.ಮೀ. ಅಗಲದ ಸಾಗುವಾನಿ ಪಟ್ಟಿ ಹೊಡೆದಿದ್ದೇನೆ. ಮೂಲೆಗಳಲ್ಲಿ ಫೋಟೋ ಫ್ರೇಮಿನ ಹಾಗೆ 45 ಡಿಗ್ರಿ ಕಟ್. ಜಿಪ್ಸಮ್ ಬೋರ್ಡಿಗೆ ಹಾಕುವ ಕಪ್ಪು ಸ್ಕ್ರೂ. ಪಟ್ಟಿಯ ಮೇಲಂಚು, ಕೆಳಂಚು ಎರಡಕ್ಕೂ ಸಂದು ಮುಚ್ಚುವ ಸಿಲಿಕೋನ್.

ಮಳೆ ಬಿದ್ದರೆ ಒಳಗೆ ಮುಂದಿನ ಎಡ ಮೂಲೆ ಒದ್ದೆಯಾಗುತ್ತದೆ. ಸ್ಕ್ರೂ ಸುತ್ತ ಮರ ಕಪ್ಪಾಗಿದೆ, ಪಟ್ಟಿಯ ಕೆಳಗೆ ಪೇಂಟ್ ಗುಳ್ಳೆ ಎದ್ದಿದೆ. ಆದರೆ ಸಿಲಿಕೋನ್ ಎಲ್ಲೂ ಬಿರುಕು ಬಿಟ್ಟಿಲ್ಲ. ಅದರ ಮೇಲೆ ಇನ್ನೊಂದು ಗೆರೆ ಎಳೆದುಬಿಡಲೇ?

ಮಲ್ಪೆ ದೋಣಿಮನೆ:
ಬೇಡ ಮಾರಾಯ್ರೆ. ಕೆಳಂಚಿನ ಸಿಲಿಕೋನೇ ನಿಮ್ಮ ಶತ್ರು. ಮೇಲಿನಿಂದ ಎಲ್ಲೋ ಒಳಗೆ ಹೋದ ನೀರಿಗೆ ಹೊರಬರಲು ದಾರಿಯೇ ಇಲ್ಲ. ಪಟ್ಟಿಯ ಹಿಂದೆ ನಿಂತು, ಸ್ಕ್ರೂ ತೂತು ಹಿಡಿದು ಪ್ಲೈ ಒಳಗೆ ಇಳಿಯುತ್ತದೆ. ಪೇಂಟ್ ಗುಳ್ಳೆ ಅದಕ್ಕೇ. ಕಪ್ಪು ಕಲೆ ಬೇರೆ ಕಥೆ. ಮರದ ಒಗರಿಗೂ ಕಬ್ಬಿಣಕ್ಕೂ ತೇವದಲ್ಲಿ ಆಗಿಬರುವುದಿಲ್ಲ. ಆ ಸ್ಕ್ರೂ ಒಳಾಂಗಣದ ಕೆಲಸಕ್ಕೆ ಮಾಡಿದ್ದು.

ಮೊದಲು ತೂತು ಹುಡುಕಿ. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ. ಹೊರಗಿನವರು ಪೈಪಿನಲ್ಲಿ ಮೆಲ್ಲಗೆ ನೀರು ಬಿಡಲಿ, ಆದರೆ ಕೆಳಗಿನಿಂದ ಶುರುಮಾಡಿ. ಒಂದು ಗೇಣು ಜಾಗ, ಐದು ನಿಮಿಷ, ಆಮೇಲೆ ಮೇಲಿನ ಗೇಣು. ಮೇಲಿನಿಂದ ಬಿಟ್ಟರೆ ಎಲ್ಲವೂ ಒಟ್ಟಿಗೆ ಒದ್ದೆಯಾಗಿ ಏನೂ ಗೊತ್ತಾಗುವುದಿಲ್ಲ. ಕಾರ್ ತೊಳೆಯುವ ಪ್ರೆಷರ್ ಮೆಷಿನ್ ಬೇಡ, ಅದು ಇಲ್ಲದ ಸೋರಿಕೆಯನ್ನೂ ಹುಟ್ಟಿಸುತ್ತದೆ.

ಶರಾವತಿ ಸವಾರ:
ಮಾಡಿ ನೋಡಿದೆವು. ಅಡ್ಡ ಪಟ್ಟಿಯೂ ನಿಂತ ಪಟ್ಟಿಯೂ ಸೇರುವ 45 ಡಿಗ್ರಿ ಕೀಲಿಗೆ ನೀರು ತಾಗಿದ ಕೂಡಲೇ ಒಳಗೆ ಹನಿ ಶುರು. ವಿಚಿತ್ರ ಅಂದರೆ ಹನಿ ಬಿದ್ದದ್ದು ಅಲ್ಲಿಂದ ಒಂದಡಿ ದೂರದ ಸ್ಕ್ರೂ ತುದಿಯಲ್ಲಿ! ಪಟ್ಟಿ ಬಿಚ್ಚಿದೆ. ಹಿಂದೆ ಪ್ಲೈ ಅಂಚು ಎರಡು ಬೆರಳಗಲ ಮೆತ್ತಗಾಗಿದೆ. ಮುಂದೇನು ಸರ್?

ಮಲ್ಪೆ ದೋಣಿಮನೆ:
ವಿಚಿತ್ರ ಏನಿಲ್ಲ, ನೀರು ಪಟ್ಟಿಯ ಹಿಂದೆ ಹರಿದು ಸಿಕ್ಕಿದ ಮೊದಲ ತೂತಿನಲ್ಲಿ ಇಳಿದಿದೆ.

ಮೆತ್ತಗಾದ ಭಾಗಕ್ಕೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಸಲೀಸಾಗಿ ಒಳಗೆ ಹೋದರೆ ಗಟ್ಟಿ ಪ್ಲೈ ಸಿಗುವವರೆಗೆ ಕತ್ತರಿಸಿ ಬೇರೆ ತುಂಡು ಕೂರಿಸಿ. ತೆಳು ಎಪಾಕ್ಸಿ (ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ಅಂಟು) ಕುಡಿಸಿದರೆ ಕೊಳೆತ ಮರಕ್ಕೆ ಮತ್ತೆ ಬಲ ಬರುವುದಿಲ್ಲ. ಹಳೇ ಸಿಲಿಕೋನನ್ನು ಬ್ಲೇಡಿನಲ್ಲಿ ಪೂರ್ತಿ ಕೆರೆದು ತೆಗೆಯಿರಿ, ಉಳಿದದ್ದಕ್ಕೆ ಸಿಲಿಕೋನ್ ರಿಮೂವರ್, ಸ್ಯಾಂಡ್ ಪೇಪರ್ ಕೊನೆಗೆ. ಸುಮ್ನೆ ಮೊದಲೇ ಉಜ್ಜಿದರೆ ಜಿಡ್ಡು ಮರದೊಳಗೆ ಹರಡುತ್ತದೆ, ಆಮೇಲೆ ಯಾವ ಪೇಂಟೂ ಹಿಡಿಯುವುದಿಲ್ಲ. ಆಮೇಲೆ ಗಾಳಿ ಆಡುವ ಕಡೆ ಒಣಗಿಸಿ. ಒದ್ದೆ ಮರದ ಮೇಲೆ ಎಪಾಕ್ಸಿ ಬಳಿದರೆ ತೇವವನ್ನು ಒಳಗೇ ಮುಚ್ಚಿಟ್ಟ ಹಾಗಾಯಿತು.

ಒಣಗಿದ ಮೇಲೆ ಪ್ಲೈ ಅಂಚಿಗೂ, ಸಾಗುವಾನಿ ಪಟ್ಟಿಯ ಕತ್ತರಿಸಿದ ತುದಿಗಳಿಗೂ ಎಪಾಕ್ಸಿ. ಮರ ನೀರು ಕುಡಿಯುವುದು ಜಾಸ್ತಿ ತುದಿಯಿಂದಲೇ. ಕುಡಿಯುವುದು ನಿಲ್ಲುವವರೆಗೆ ಬಳಿಯಿರಿ. ಇದನ್ನು ಸಂಜೆ ಮಾಡಿ. ಮರ ತಣಿಯುವಾಗ ಒಳಗಿನ ಗಾಳಿ ಕುಗ್ಗಿ ಎಪಾಕ್ಸಿಯನ್ನು ಎಳೆದುಕೊಳ್ಳುತ್ತದೆ. ಬೆಳಿಗ್ಗೆ ಬಳಿದರೆ ಬಿಸಿಲೇರಿದಂತೆ ಗಾಳಿ ಹೊರಬಂದು ಗುಳ್ಳೆ. ಸಾಗುವಾನಿಯಲ್ಲಿ ಎಣ್ಣೆ ಇರುತ್ತದೆ, ಬಳಿಯುವ ಮುಂಚೆ ಅಸಿಟೋನ್‌ನಲ್ಲಿ ಒರೆಸಲೇಬೇಕು.

ಸ್ಕ್ರೂ ತೂತನ್ನು ದೊಡ್ಡದು ಮಾಡಿ, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ನಡುವೆ ಮತ್ತೆ ಸಣ್ಣ ತೂತು ಕೊರೆಯಿರಿ. ಆಗ ಸ್ಕ್ರೂ ಪಕ್ಕ ನೀರು ಹೋದರೂ ಪ್ಲೈಗೆ ತಾಗುವುದಿಲ್ಲ. ಸ್ಕ್ರೂ ಸ್ಟೇನ್‌ಲೆಸ್ 304 ದರ್ಜೆಯದ್ದು ಸಾಕು. ನಮ್ಮ ಕಡಲ ಗಾಳಿಗಾದರೆ 316.

ಆ 45 ಡಿಗ್ರಿ ಕೀಲು ಬಿಡಿ. ಮರ ಮಳೆಗೆ ಹಿಗ್ಗಿ ಬಿಸಿಲಿಗೆ ಕುಗ್ಗುವಾಗ ಅದು ಬಾಯಿ ಬಿಟ್ಟೇ ಬಿಡುತ್ತದೆ. ಅಡ್ಡ ಪಟ್ಟಿಯ ಹಿಂಬದಿ ಸ್ವಲ್ಪ ಕೊರೆದು, ನಿಂತ ಪಟ್ಟಿಯ ತಲೆ ಅದರಡಿಗೆ ಹೋಗುವಂತೆ ಮಾಡಿ. ಮಂಗಳೂರು ಹಂಚಿನ ಹಾಗೆ, ಮೇಲಿನದ್ದು ಕೆಳಗಿನದರ ಮೇಲೆ. ಅಡ್ಡ ಪಟ್ಟಿಯ ಅಡಿಭಾಗದಲ್ಲಿ ಉದ್ದಕ್ಕೂ 3 ಮಿ.ಮೀ. ಗ್ರೂವ್ ಹೊಡೆದರೆ ನೀರು ಗೋಡೆಗೆ ಅಂಟಿಕೊಂಡು ಹಿಂದಕ್ಕೆ ಹೋಗದೆ ಅಲ್ಲೇ ತೊಟ್ಟಿಕ್ಕುತ್ತದೆ.

ಪಟ್ಟಿಯ ಹಿಂದೆ ಬ್ಯುಟೈಲ್ ಟೇಪ್, ಅಂದರೆ ರಬ್ಬರಿನಂಥ ಅಂಟು ಸುರುಳಿ. ಅದು ಗಟ್ಟಿಯಾಗದೆ ಮೆತ್ತಗೇ ಉಳಿಯುತ್ತದೆ. ಸ್ಕ್ರೂ ಒಂದೇ ಸಲಕ್ಕೆ ಬಿಗಿಯಬೇಡಿ. ಸ್ವಲ್ಪ ಬಿಗಿದು, ಮರುದಿನ ಇನ್ನಷ್ಟು, ಹೊರಬಂದ ಟೇಪನ್ನು ಪ್ಲಾಸ್ಟಿಕ್ ಚೂರಿಯಲ್ಲಿ ಕತ್ತರಿಸಿ. ಮೇಲಂಚಿಗೆ ಮಾತ್ರ ಪಾಲಿಯುರೆಥೇನ್ ಸೀಲಂಟ್, ಅದರ ಮೇಲೆ ಪೇಂಟ್ ಹಿಡಿಯುತ್ತದೆ. ಕೆಳಂಚು ಖಾಲಿ ಬಿಡಿ.

ಬೆಂಗಳೂರು ಗ್ಯಾರೇಜು:
ಇಷ್ಟೆಲ್ಲ ಯಾಕೆ? ಮರದ ಪಟ್ಟಿ ಬಿಟ್ಟು ಅಲ್ಯೂಮಿನಿಯಂ ಆ್ಯಂಗಲ್ ಹಾಕಿ, ಕೊಳೆಯುವ ಮಾತೇ ಇಲ್ಲ.

ಮಲ್ಪೆ ದೋಣಿಮನೆ:
ಹಾಕಬಹುದು. ಆದರೆ ಎಂಟಡಿ ಆ್ಯಂಗಲ್ 40 ಡಿಗ್ರಿ ವ್ಯತ್ಯಾಸಕ್ಕೆ ಎರಡು ಮಿ.ಮೀ.ಗಿಂತ ಜಾಸ್ತಿ ಹಿಗ್ಗುತ್ತದೆ, ಪ್ಲೈ ಅಷ್ಟು ಹಿಗ್ಗುವುದಿಲ್ಲ. ನಡುವಿನ ತೂತು ಮಾತ್ರ ದುಂಡಗಿರಲಿ, ಉಳಿದವನ್ನು ಉದ್ದುದ್ದ ಕೊರೆಯಿರಿ. ಹಿಂದೆ ಬ್ಯುಟೈಲ್ ಆಗಲೂ ಬೇಕೇ ಬೇಕು. ಅಲ್ಯೂಮಿನಿಯಂ ಕೊಳೆಯದು ನಿಜ, ಅದರ ಹಿಂದಿನ ಪ್ಲೈ ಕೊಳೆಯುತ್ತದಲ್ಲ!

ಶರಾವತಿ ಸವಾರ:
ಸಾಗುವಾನಿಯೇ ಇರಲಿ, ಮನೆಯಲ್ಲಿ ಮರ ಇದೆ. ಬ್ಯುಟೈಲ್ ಟೇಪ್ ಇಲ್ಲಿ ಹಾರ್ಡ್‌ವೇರ್ ಅಂಗಡಿಯವರಿಗೆ ಗೊತ್ತೇ ಇಲ್ಲ. ಕಾರಿನ ಮುಂದಿನ ಗಾಜು ಕೂರಿಸುವ ಕರಿ ಅಂಟು ಆಗುತ್ತದಾ?

ಬೆಂಗಳೂರು ಗ್ಯಾರೇಜು:
ಬೇಡ. ಅದು ಪಾಲಿಯುರೆಥೇನೇ, ಆದರೆ ಹಿಡಿತ ವಿಪರೀತ. ನಾಳೆ ಪಟ್ಟಿ ಬಿಚ್ಚಬೇಕಾದರೆ ಪ್ಲೈ ಪದರವೇ ಕಿತ್ತು ಬರುತ್ತದೆ. ಬ್ಯುಟೈಲ್ ಟೇಪನ್ನೇ ಚಾವಣಿ ಶೀಟ್ ಮಾರುವವರ ಹತ್ತಿರ, ಇಲ್ಲವೇ ಬಸ್ ಬಾಡಿ ಕಟ್ಟುವವರ ಹತ್ತಿರ ಕೇಳಿ. ಒಂದು ಕಡೆ ಬೆಳ್ಳಿ ಹಾಳೆ ಇರುವುದು ತರಬೇಡಿ, ಅದು ಮೇಲಿಂದ ಅಂಟಿಸುವುದಕ್ಕೆ. ಎರಡೂ ಕಡೆ ಅಂಟುವ ಸುರುಳಿಯೇ ಬೇಕು.