ಸಹಾಯ ಬೇಕು: ಕಿವಿ ಕೇಳಿಸದ ಅಮ್ಮ ತುರ್ತು ಸೇವೆಗೆ ಮೆಸೇಜ್ ಮಾಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮ ಅಮ್ಮನಿಗೆ ಎರಡೂ ಕಿವಿ ಕೇಳಿಸುವುದಿಲ್ಲ, ಹಗಲು ಹೊತ್ತು ಮನೆಯಲ್ಲಿ ಒಬ್ಬರೇ ಇರುತ್ತಾರೆ. ಹೋದ ವಾರ ಬಚ್ಚಲಲ್ಲಿ ಜಾರಿ ಬಿದ್ದು ತುರ್ತು ನಂಬರಿಗೆ ಫೋನ್ ಮಾಡಿದ್ದಾರೆ, ಆ ಕಡೆಯವರು ಕೇಳಿದ್ದು ಒಂದೂ ತಿಳಿಯದೆ "ಬಿದ್ದಿದ್ದೀನಿ, ಬನ್ನಿ" ಅಂತ ಅಷ್ಟನ್ನೇ ಹೇಳುತ್ತಾ ಇದ್ದರಂತೆ. ವಿಳಾಸ ಹೇಳಲೇ ಇಲ್ಲ. ನಾನು ಬಂದಾಗ ಮೊಣಕೈ ಊದಿಕೊಂಡಿತ್ತು, ಫೋನ್ ಇನ್ನೂ ಕೈಯಲ್ಲೇ ಇತ್ತು. ನೆನೆಸಿಕೊಂಡರೆ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ.

ಮೆಸೇಜ್ ಕಳಿಸಿದರೆ ಆಯ್ತು ಅಲ್ವಾ ಅಂದುಕೊಂಡಿದ್ದೆ. ಆದರೆ ಆ ಸೌಲಭ್ಯ ಎಲ್ಲ ಕಡೆ ಇಲ್ಲ, ಕೆಲವು ಕಡೆ ಮೊದಲೇ ನಂಬರ್ ನೋಂದಾಯಿಸಿರಬೇಕು. ಸಿಗ್ನಲ್ ಕಮ್ಮಿ ಇದ್ದಾಗ ಕರೆ ಹತ್ತದಿದ್ದರೂ ಮೆಸೇಜ್ ಹೋಗಬಹುದು, ಆದರೆ ತಡವಾಗಿಯೂ ತಲುಪಬಹುದು. ಅದೇ ಭಯ ಜಾಸ್ತಿ.

ಸದ್ಯಕ್ಕೆ ಅಮ್ಮನ ಫೋನಿನಲ್ಲಿ ಒಂದು ಮೆಸೇಜ್ ಬರೆದಿಟ್ಟಿದ್ದೇನೆ: ಮೊದಲು ಪೂರ್ತಿ ವಿಳಾಸ, ಮಹಡಿ, ಆಮೇಲೆ "ನನಗೆ ಕಿವಿ ಕೇಳಿಸುವುದಿಲ್ಲ, ಮೆಸೇಜಿನಲ್ಲೇ ಉತ್ತರಿಸಿ". ಏನಾಯಿತು ಅನ್ನುವುದನ್ನು ಮಾತ್ರ ಅವರು ಸೇರಿಸಿದರೆ ಸಾಕು.

ನಿಮ್ಮಲ್ಲಿ ಯಾರಾದರೂ ನಿಜವಾಗಿ ಹೀಗೆ ಸಹಾಯ ಕೇಳಿದ್ದೀರಾ? ಉತ್ತರ ಬಂತಾ, ಎಷ್ಟು ಹೊತ್ತು ಹಿಡಿಯಿತು? ಕರೆ ತೆಗೆದುಕೊಳ್ಳುವ ಕೆಲಸದಲ್ಲಿ ಇರುವವರು ಇದ್ದರೆ, ಮೊದಲ ಸಾಲಿನಲ್ಲಿ ಇನ್ನೇನು ಇರಬೇಕು ಹೇಳಿ. ಸುಮ್ನೆ ಪರೀಕ್ಷೆಗೆ ಅಂತ ತುರ್ತು ನಂಬರಿಗೆ ಕಳಿಸಲು ನನಗೆ ಮನಸ್ಸಿಲ್ಲ, ಆ ಹೊತ್ತಿನಲ್ಲಿ ಯಾರ ಜೀವ ಕಷ್ಟದಲ್ಲಿರುತ್ತದೋ. ಸೇವೆ ಇದೆಯಾ ಇಲ್ಲವಾ ಅಂತ ವಿಚಾರಿಸಲು ಬೇರೆ ಸಾಮಾನ್ಯ ನಂಬರ್ ಇರುತ್ತದಾ? ಗೊತ್ತಿದ್ದವರು ದಯವಿಟ್ಟು ತಿಳಿಸಿ.